ಒಂದು ನೌಕೆಯ ಪೂರ್ವಾಪರ

ಕೃಷ್ಣೆ ಘಟಪ್ರಭೆಗಳ ನಡುವಣ ಈ ನಾಡಿನವರಿಗೆ ಸಮುದ್ರವೆಂಬುದು ಪುರಾಣದಲ್ಲಿ ಕೇಳುವ ವಸ್ತುವೇ ಹೊರತು ದಿನವೂ ಕಣ್ಣಿಂದ ಕಾಣುವ ವಸ್ತುವಲ್ಲ. ಜಮಖಂಡಿ, ಮುಧೋಳ, ಬೀಳಗಿಗಳ ಹಿರಿಯರು ಬಲ್ಲ ಜಲಯಾನವೆಂದರೆ ಮಳೆಗಾಲದ ತುಂಬು ಹೊಳೆಯನ್ನು ಹರಿಗೋಲಿನಲ್ಲಿ ಕುಳಿತು ದಾಟುವದು ಮಾತ್ರ. ಆದರೂ ಸಮುದ್ರದ ಮೇಲಿನ ವ್ಯವಹಾರವು ಇಲ್ಲಿಯ ಮನೆಮನೆಯನ್ನು ಮುಟ್ಟುತ್ತಲೇ ಬಂದಿದೆ. ಎರೆಯ ಹೊಲದಲ್ಲಿ ಬೆಳೆದ ಹತ್ತಿಯು ಹಡಗನ್ನೇರಿ ವಿಲಾಯತಿಗೆ ಹೋಗುತ್ತಿದ್ದಿತು. ಅಲ್ಲಿಯ ಗಿರಣಿಗಳ ಅರಿವೆಯು ಹಡಗಿನಲ್ಲಿಯೇ ಬಂದು ರಬಕವಿ ಬನಹಟ್ಟಿಗಳ ನೇಕಾರನ ಮಗ್ಗಕ್ಕೆ ಎದುರಾಗಿ ನಿಲ್ಲುತ್ತಿದ್ದಿತು. ಕನ್ನಡ ನಾಡಿನ ಹತ್ತಿಗೆ ಪರದೇಶದ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರು ಬಂದುದು ಸಹ ಅದು ಕುಮಟೆಯ ಬಂದರದಿಂದ ಹಡಗೇರುತ್ತಿದ್ದುದರಿಂದಲೇ. ಹೋಗುವಾಗಿನ ಬಾಡಿಗೆ, ಬರುವಾಗಿನ ಬಾಡಿಗೆ ಎರಡೂ ಬಹುಮಟ್ಟಿಗೆ ಪರದೇಶಸ್ಥರಾದ ಹಡಗಿನ ಒಡೆಯರಿಗೇ ಸಲ್ಲುತ್ತಿದ್ದವು.

ಪೂರ್ವಕಾಲದಲ್ಲಿ ಹೀಗಿರಲಿಲ್ಲ. ಬೀಳಗಿಯಿಂದ ಬಹುದೂರವಲ್ಲದ ಐಹೊಳೆಯ ಹೆಸರನ್ನು ಹೊತ್ತ 'ಅಯ್ಯಾವೊಳೆಯ ಐನೂರ್ವರು' ಎಂಬ ವರ್ತಕಶ್ರೇಣಿಯು ಸಮುದ್ರವನ್ನು ದಾಟಿ ವ್ಯಾಪಾರ ಮಾಡುತ್ತಿದ್ದಿತೆಂಬುದಕ್ಕೆ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ ಕ್ರಿ. ಶ. ೧೦೮೮ರ ತಮಿಳು ಶಾಸನವು ಸಾಕ್ಷಿಯಾಗಿದೆ. ಆ ಪರಂಪರೆಯು ಎಲ್ಲಿ ಕಡಿಯಿತು, ಮತ್ತೆ ಎಲ್ಲಿ ಚಿಗುರಿತು ಎಂಬುದನ್ನು ತಿಳಿಯಬೇಕೆನ್ನುವವರು ಒಂದು ಆಗಬೋಟಿನ ಚರಿತ್ರೆಯನ್ನು ಅವಶ್ಯವಾಗಿ ನೋಡಬೇಕು. ಅದು ೧೮೯೦ರಲ್ಲಿ ಇಂಗ್ಲಂಡದಲ್ಲಿ ನೀರಿಗಿಳಿದು, ೧೯೨೩ರಲ್ಲಿ ಮುಂಬಯಿಯಲ್ಲಿ ಒಡೆಯಲ್ಪಟ್ಟಿತು. ಈ ಮೂವತ್ತೆರಡು ವರುಷಗಳಲ್ಲಿ ಅದು ಎರಡು ಹೆಸರುಗಳನ್ನೂ ಮೂವರು ಒಡೆಯರನ್ನೂ ಕಂಡಿತು. ಮೊದಲಿನ ಹೆಸರು 'ಎಂಪ್ರೆಸ್ ಆಫ್ ಇಂಡಿಯಾ', ಅಂದರೆ ಹಿಂದುಸ್ಥಾನದ ಚಕ್ರವರ್ತಿನಿ; ಎರಡನೆಯದು 'ಲಾಯಲ್ಟಿ', ಅಂದರೆ ರಾಜನಿಷ್ಠೆ. ಎರಡೂ ದಾಸ್ಯದ ಕಾಲಕ್ಕೆ ಒಪ್ಪುವ ಹೆಸರುಗಳೇ. ಆದರೆ ಆ ನೌಕೆಯಿಂದ ಆದ ಕಾರ್ಯವು ಬೇರೆ.

ಕನಡಾ ದೇಶದ ಪೂರ್ವ ಪಶ್ಚಿಮ ತೀರಗಳನ್ನು ಕೂಡಿಸುವ ಕೆನೇಡಿಯನ್ ಪೆಸಿಫಿಕ್ ರೇಲ್ವೆಯು ೧೮೮೫ರಲ್ಲಿ ಮುಗಿಯಿತು. ರೈಲು ಮುಟ್ಟಿದ ಪಶ್ಚಿಮ ತೀರದಿಂದ ಮುಂದೆ ಜಪಾನ ಚೀನಗಳ ವರೆಗೆ ಟಪಾಲನ್ನೂ ಪ್ರಯಾಣಿಕರನ್ನೂ ಸಾಗಿಸುವದಕ್ಕಾಗಿ ಆ ರೇಲ್ವೆ ಕಂಪನಿಯು ೧೮೮೯ರಲ್ಲಿ ಬ್ರಿಟಿಶ್ ಸರಕಾರದೊಡನೆ ಒಪ್ಪಂದ ಮಾಡಿಕೊಂಡು, ಬ್ಯಾರೋ ಪಟ್ಟಣದ ಕಾರಖಾನೆಯಲ್ಲಿ ಒಂದೇ ಮಾದರಿಯ ಮೂರು ನೌಕೆಗಳನ್ನು ಕಟ್ಟಿಸಿತು. ಇಂಡಿಯಾ, ಚೈನಾ, ಜಪಾನ ಎಂಬ ಮೂರು ದೇಶಗಳ ಚಕ್ರವರ್ತಿನಿಯರ ಹೆಸರುಗಳನ್ನು ಅವಕ್ಕೆ ಇಟ್ಟರು. ಹಿರಿಯಳಾದ 'ಎಂಪ್ರೆಸ್ ಆಫ್ ಇಂಡಿಯಾ' ೧೮೯೦ರ ಅಗಸ್ಟ ೩೦ರಂದು ನೀರಿಗಿಳಿಯಿತು. ೧೮೯೧ರ ಫೆಬ್ರುವರಿಯಲ್ಲಿ ಲಿವರ್‌ಪೂಲದಿಂದ ಹೊರಟು, ಸುವೇಜ ಕಾಲುವೆ, ಕೊಲಂಬೊ, ಸಿಂಗಾಪುರ, ಹಾಂಗಕಾಂಗಗಳ ಮಾರ್ಗವಾಗಿ ಎಪ್ರಿಲ ೨೮ರಂದು ವ್ಯಾಂಕೂವರ ಬಂದರವನ್ನು ಸೇರಿತು.

ಅದರ ರಚನೆಯು ಅಂದಿನವರ ಕಣ್ಣಿಗೆ ಸೋಜಿಗವಾಗಿದ್ದಿತು. ಉದ್ದಳತೆ ಸುಮಾರು ೪೫೫ ಅಡಿ, ಅಗಲಳತೆ ೫೧ ಅಡಿ, ಗಾತ್ರ ೫,೯೦೫ ಟನ್ನು. ಮೈಯೆಲ್ಲ ಬಿಳಿಯ ಬಣ್ಣ, ನಡುವೆ ಹಳದಿಯ ಎರಡು ಹೊಗೆಕೊಳವೆಗಳು, ಮೂರು ಕೂವೆಗಂಬಗಳು. ಮೂತಿಯು ನೆಟ್ಟಗೆ ಕಡಿದಂತೆ ಇರದೆ, ಹಾಯಿಹಡಗಿನ ಮೂತಿಯಂತೆ ಬಳುಕಿ ಮುಂದಕ್ಕೆ ಚಾಚಿಕೊಂಡಿದ್ದಿತು. ಉಗಿಯ ಯುಗದಲ್ಲಿ ಈ ಬಳುಕಿನಿಂದ ಪ್ರಯೋಜನವೇನೂ ಇರಲಿಲ್ಲ. ಅದು ಕೇವಲ ಅಂದಕ್ಕಾಗಿ ಉಳಿಸಿಕೊಂಡ ಹಳೆಯ ಸಂಪ್ರದಾಯ. ಒಳಗಿನ ಯಂತ್ರಗಳಾದರೋ ಹೊಸ ಕಾಲದವು. ಒಮ್ಮೆ ಕುದಿಸಿದ ಉಗಿಯನ್ನು ಒಂದಕ್ಕಿಂತ ಒಂದು ದೊಡ್ಡದಾದ ಸಿಲಿಂಡರುಗಳಲ್ಲಿ ಮೂರು ಸಾರಿ ದುಡಿಸಿಕೊಳ್ಳುವ ಯುಕ್ತಿಯಿಂದ ಕಲ್ಲಿದ್ದಲಿಯ ಉಳಿತಾಯವಾಗುತ್ತಿದ್ದಿತು. ನೀರನ್ನು ಹಿಂದಕ್ಕೆ ತಳ್ಳುವ ಪಂಖವು ಒಂದೇ ಇದ್ದರೆ ನಡುಗಡಲಿನಲ್ಲಿ ಅದು ಮುರಿದಾಗ ಹಾಯಿಯೇ ಗತಿ. ಇದಕ್ಕೆ ಎಡಬಲಗಳಲ್ಲಿ ಎರಡು ಪಂಖಗಳಿದ್ದುದರಿಂದ ಒಂದು ಕೆಟ್ಟರೂ ಇನ್ನೊಂದರ ಬಲದಿಂದ ದಡ ಸೇರಬಹುದಾಗಿದ್ದಿತು. ವೇಗವು ತಾಸಿಗೆ ಹದಿನಾರು ಸಮುದ್ರಮೈಲು. ಯುದ್ಧಕಾಲದಲ್ಲಿ ತೋಪುಗಳನ್ನು ಏರಿಸುವದಕ್ಕೆ ಬೇಕಾದ ಏರ್ಪಾಡನ್ನು ಕಟ್ಟುವಾಗಲೇ ಮಾಡಿದ್ದರು. ಶಾಂತಿಕಾಲದ ವಿಹಾರನೌಕೆಯಂತೆ ಕಾಣುವ ಅದರ ಹೊಟ್ಟೆಯಲ್ಲಿ ಸಾಮ್ರಾಜ್ಯದ ರಕ್ಷಣೆಯ ಚಿಂತೆಯೂ ಅಡಗಿದ್ದಿತೆಂಬುದು ಇದರಿಂದ ತಿಳಿಯುವದು.

ನೌಕೆಯ ಅಂಗಾಂಗಗಳಿಗೆ ಇಂಥ ಲಕ್ಷಣಗಳನ್ನು ಹೇಳುವದು ನಮ್ಮವರಿಗೆ ಹೊಸತೇನಲ್ಲ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳ ಉದ್ದಗಲಗಳು, ಬಣ್ಣಗಳು, ಮುಖಗಳು ವಿಂಗಡಿಸಿ ಹೇಳಲ್ಪಟ್ಟಿವೆ. ನಾಲ್ಕು ಕೂವೆಗಂಬಗಳ ನೌಕೆಗೆ ಬಿಳಿ, ಮೂರರದಕ್ಕೆ ಕೆಂಪು, ಎರಡರದಕ್ಕೆ ಹಳದಿ, ಒಂದರದಕ್ಕೆ ನೀಲಿ ಬಣ್ಣವು ವಿಹಿತವಾಗಿದೆ. ಮೂತಿಗೆ ಸಿಂಹ, ಮಹಿಷ, ಸರ್ಪ, ಗಜ, ವ್ಯಾಘ್ರ ಮೊದಲಾದ ಮುಖಗಳನ್ನು ಕೆತ್ತಿಸಬೇಕು. ನೌಕೆಯ ತುಂಬ ಮನೆಯಿದ್ದರೆ ಸರ್ವಮಂದಿರಾ, ನಡುವೆ ಇದ್ದರೆ ಮಧ್ಯಮಂದಿರಾ, ಮುಂಭಾಗದಲ್ಲಿ ಇದ್ದರೆ ಅಗ್ರಮಂದಿರಾ. ಮೊದಲನೆಯದು ಅರಸನ ಭಂಡಾರ, ಕುದುರೆ, ಸ್ತ್ರೀಜನರನ್ನು ಒಯ್ಯುವದಕ್ಕೆ; ಎರಡನೆಯದು ರಾಜರ ವಿಲಾಸಯಾತ್ರೆಗೆ; ಮೂರನೆಯದು ದೂರಪ್ರವಾಸಕ್ಕೂ ಯುದ್ಧಕ್ಕೂ ಯೋಗ್ಯವೆಂದು ಆ ಗ್ರಂಥದ ಮತ. ಬ್ಯಾರೋದ ಶಿಲ್ಪಿಗಳು ಈ ಗ್ರಂಥವನ್ನು ಕಂಡವರಲ್ಲ. ಆದರೂ ಕಡಲಿಗೆ ಇಳಿಯುವವರೆಲ್ಲರೂ ನೌಕೆಗೆ ಒಂದು ಮುಖವನ್ನು ಕೊಡಬಯಸುವರೆಂಬುದು ಗಮನಿಸತಕ್ಕ ಮಾತು. ಈ ಮೂರು ಅಕ್ಕತಂಗಿಯರಲ್ಲಿ 'ಎಂಪ್ರೆಸ್ ಆಫ್ ಜಪಾನ' ನೌಕೆಯ ಮೂತಿಯ ಕೆಳಗೆ ಬಾಯ್ದೆರೆದ ಘಟಸರ್ಪವನ್ನು ಕೆತ್ತಿದ್ದರು.

'ಎಂಪ್ರೆಸ್ ಆಫ್ ಇಂಡಿಯಾ'ದ ಒಳಗಿನ ಲೋಕವು ಹೊರಗಿನ ಲೋಕದ ಪ್ರತಿಬಿಂಬವೇ ಆಗಿದ್ದಿತು. ಮೊದಲನೆಯ ವರ್ಗದವರು ೧೨೦, ಎರಡನೆಯ ವರ್ಗದವರು ೫೦, ಕೆಳಗಿನ ಅಟ್ಟದಲ್ಲಿ ೬೦೦ ಜನ, ಹೀಗೆ ಸ್ಥಳದ ಹಂಚಿಕೆ. ಆ ಆರುನೂರು ಜನರಲ್ಲಿ ಬಹುಸಂಖ್ಯಾಕರು ಹೊಟ್ಟೆಯ ಪಾಡಿಗಾಗಿ ಕನಡಾಕ್ಕೆ ಹೋಗುವ ಚೀನದ ಕೂಲಿಕಾರರು. ದಡವನ್ನೇರುವ ಪ್ರತಿಯೊಬ್ಬ ಚೀನೀಯನ ಮೇಲೆ ೧೮೮೫ರಲ್ಲಿ ಐವತ್ತು ಡಾಲರಿನ ತಲೆಗಂದಾಯವಿದ್ದಿತು. ೧೯೦೩ರಲ್ಲಿ ಅದು ಐದುನೂರಕ್ಕೆ ಏರಿತು. ಆದರೆ ಹಡಗಿನ ಸರಕಿನಲ್ಲಿದ್ದ ಚೀನದ ಚಹಕ್ಕೂ ಜಪಾನದ ರೇಶಿಮೆಗೂ ಎಲ್ಲಿಲ್ಲದ ಆದರ. ಕಚ್ಚಾ ರೇಶಿಮೆಯು ಬಹುಬೆಲೆಯದಾದ್ದರಿಂದ ಅದರ ಮೇಲಿನ ಬಡ್ಡಿಯೂ ವಿಮೆಯೂ ದಿನದಿನಕ್ಕೆ ಬೆಳೆಯುತ್ತಿದ್ದವು. ಆ ಕಾರಣ ವ್ಯಾಂಕೂವರದಲ್ಲಿ ಇಳಿದೊಡನೆ ರೇಶಿಮೆಗಾಗಿಯೇ ಬಿಟ್ಟ ರೈಲುಗಾಡಿಗಳು, ಬೇರೆ ಗಾಡಿಗಳನ್ನು ಬದಿಗೆ ನಿಲ್ಲಿಸಿ, ಪೂರ್ವದ ಪೇಟೆಗಳಿಗೆ ಓಡುತ್ತಿದ್ದವು. ನೂಲಿಗೆ ಇದ್ದ ಬೆಲೆಯು ಮನುಷ್ಯನಿಗೆ ಇಲ್ಲದೆ ಹೋದ ಈ ಸಂಗತಿಯ ಅರ್ಥವು ನೇಕಾರರ ಊರಿನವರಿಗೆ ಬಿಡಿಸಿ ಹೇಳಬೇಕಾದುದಲ್ಲ.

ಇಂಥ ನೌಕೆಯನ್ನು ೧೮೯೩ರ ಜುಲೈ ೧೪ರಂದು ಜಪಾನದ ಯೊಕೊಹಾಮಾ ಬಂದರದಲ್ಲಿ ಕಾವಿಯ ಉಡುಗೆಯ ಒಬ್ಬ ಸಂನ್ಯಾಸಿಯು ಏರಿದನು. ಅವರೇ ಸ್ವಾಮಿ ವಿವೇಕಾನಂದರು. ಹಿಂದಿನ ವರುಷದ ಅಕ್ಟೋಬರದಲ್ಲಿ ಅವರು ಬೆಳಗಾವಿಯಲ್ಲಿದ್ದರು. ಅನಂತರ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆತಿಥ್ಯವನ್ನು ಪಡೆದರು. ಪ್ರವಾಸದ ದ್ರವ್ಯಕ್ಕಾಗಿ ಮದರಾಸಿನಲ್ಲಿ ಮನೆಮನೆಗೆ ಅಲೆದ ಅಳಸಿಂಗ ಪೆರುಮಾಳರು ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಸಮುದ್ರಯಾನವನ್ನು ಬೌಧಾಯನನು ಪತನೀಯಗಳಲ್ಲಿ ಎಣಿಸಿದ್ದಾನೆ. ಮುಂದಿನ ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ಆದರೆ ಅದೇ ಬೌಧಾಯನನು ಉತ್ತರದೇಶದವರಲ್ಲಿ ಸಮುದ್ರಯಾನವು ರೂಢಿಯೆಂದೂ ಹೇಳಿರುವನು. ಶಾಸ್ತ್ರದ ಒಂದು ವಚನವನ್ನು ಹಿಡಿದು ಇನ್ನೊಂದನ್ನು ಬಿಟ್ಟವರ ದೇಶದಲ್ಲಿ ಹಡಗು ಕಟ್ಟುವವರೂ ನಡೆಸುವವರೂ ಕಡಮೆಯಾದರೆ ಆಶ್ಚರ್ಯವಿಲ್ಲ. ಸ್ವಾಮಿಗಳು ಈ ಕಟ್ಟನ್ನು ಮಾತಿನಿಂದಲ್ಲ, ನಡತೆಯಿಂದ ಬಿಡಿಸಿದರು. ಆದರೆ ಉತ್ತರ ಪೆಸಿಫಿಕ್ ಸಾಗರವು ಬೇಸಿಗೆಯಲ್ಲಿಯೂ ಎಷ್ಟು ತಣ್ಣಗಿರುವದೆಂಬುದನ್ನು ಅವರ ಮಿತ್ರರಲ್ಲಿ ಯಾರೂ ಎಣಿಸಿರಲಿಲ್ಲ. ಬೆಚ್ಚನೆಯ ಬಟ್ಟೆಯಿಲ್ಲದೆ ಅವರು ಹಡಗಿನ ಮೇಲೆ ಚಳಿಯಿಂದ ಬಹಳ ಕಷ್ಟಪಟ್ಟರು. ಈ ನಾಡಿನ ಕುರುಬನು ನೇಯ್ದ ಒಂದು ಕರಿಯ ಕಂಬಳಿಯಿದ್ದರೆ ಅಂದು ಎಷ್ಟು ಉಪಕಾರವಾಗುತ್ತಿದ್ದಿತು! ಜುಲೈ ೨೫ರಂದು ವ್ಯಾಂಕೂವರದಲ್ಲಿ ಇಳಿದು, ರೈಲಿನಿಂದ ಅವರು ಚಿಕಾಗೋಕ್ಕೆ ಹೋದರು. ಮುಂದೆ ಸಪ್ಟಂಬರ ೧೧ರಂದು ಸರ್ವಧರ್ಮ ಪರಿಷತ್ತಿನಲ್ಲಿ ನಡೆದುದನ್ನು ಬಾಲಕರೂ ಬಲ್ಲರು.

ಅದೇ ಹಡಗಿನಲ್ಲಿ ಜಮಶೇಟಜಿ ಟಾಟಾ ಅವರೂ ಇದ್ದರು. ಅವರು ಜಪಾನಕ್ಕೆ ಹೋಗಿದ್ದುದು ಹಡಗಿನ ಕಾರ್ಯಕ್ಕಾಗಿಯೇ. ಮುಂಬಯಿಯಿಂದ ಚೀನ ಜಪಾನಗಳಿಗೆ ಹೋಗುವ ನೂಲಿಗೆ ಬ್ರಿಟಿಶ್ ಪಿ. ಅಂಡ್ ಓ. ಕಂಪನಿಯು ಟನ್ನಿಗೆ ೧೯ ರೂಪಾಯಿ ಬಾಡಿಗೆಯನ್ನು ತೆಗೆದುಕೊಳ್ಳುತ್ತಿದ್ದಿತು. ಜಪಾನದ ನಿಪ್ಪಾನ್ ಯೂಸೆನ್ ಕೈಶಾ ಕಂಪನಿಯೊಡನೆ ಕೂಡಿ ಟಾಟಾ ಅವರು ೧೨ ರೂಪಾಯಿಗೆ ಸಾಗಿಸುವ ತಮ್ಮ ಸ್ವಂತ ಸಾಲನ್ನು ಆರಂಭಿಸಿದರು. ಒಡನೆಯೇ ಪಿ. ಅಂಡ್ ಓ. ಕಂಪನಿಯವರು, ಟಾಟಾ ಹಾಗೂ ಜಪಾನೀ ಹಡಗುಗಳಿಗೆ ಸರಕು ಕೊಡೆವೆಂದು ಒಪ್ಪಿದ ವ್ಯಾಪಾರಿಗಳಿಗೆ, ಬಾಡಿಗೆಯನ್ನು ಒಂದೂವರೆ ರೂಪಾಯಿಗೆ ಇಳಿಸಿದರು. ಟಾಟಾ ಅವರ ಸಾಲು ಬಹುಕಾಲ ಬಾಳಲಿಲ್ಲ. ಆದರೆ ಈ ಪ್ರವಾಸದ ಇನ್ನೊಂದು ಬೀಜವು ಮೊಳೆಯಿತು. ೧೮೯೮ರ ನವಂಬರ ೨೩ರಂದು ಟಾಟಾ ಅವರು ಸ್ವಾಮಿಗಳಿಗೆ ಬರೆದ ಪತ್ರದಲ್ಲಿ, ಜಪಾನದಿಂದ ಜೊತೆಯಾಗಿ ಪ್ರಯಾಣ ಮಾಡಿದ ತಮ್ಮನ್ನು ನೆನಪಿಸಿಕೊಟ್ಟು, ಭಾರತದಲ್ಲಿ ವಿಜ್ಞಾನದ ಸಂಶೋಧನಾಲಯವನ್ನು ಸ್ಥಾಪಿಸುವ ತಮ್ಮ ಯೋಜನೆಯನ್ನು ತಿಳಿಸಿದರು. ೧೯೦೨ರಲ್ಲಿ ಸ್ವಾಮಿಗಳೂ ೧೯೦೪ರಲ್ಲಿ ಟಾಟಾ ಅವರೂ ಕಾಲವಾದರು. ೧೯೦೯ರಲ್ಲಿ ಆ ಸಂಸ್ಥೆಯು ಮೈಸೂರು ಸಂಸ್ಥಾನವು ದಾನ ಮಾಡಿದ ೩೭೦ಕ್ಕೂ ಮಿಕ್ಕ ಎಕರೆ ಭೂಮಿಯ ಮೇಲೆ ಬೆಂಗಳೂರಿನಲ್ಲಿ ನೆಲೆಗೊಂಡಿತು.

ಹಡಗಿನ ಎರಡನೆಯ ಜನ್ಮವು ಮೊದಲನೆಯ ಮಹಾಯುದ್ಧದೊಡನೆ ಆರಂಭವಾಯಿತು. ೧೯೧೪ರಲ್ಲಿ ಕೆನೇಡಿಯನ್ ಕಂಪನಿಯವರು ಈ ಹಳೆಯ ನೌಕೆಯನ್ನು ಸೇವೆಯಿಂದ ಬಿಡಿಸಿದರು. ಅದೇ ವರುಷದ ಮೇ ತಿಂಗಳಿನಲ್ಲಿ ೩೭೬ ಜನ ಹಿಂದೀಯರನ್ನು ಹೊತ್ತು ಬಂದ 'ಕೋಮಾಗಾಟಾ ಮಾರು' ಹಡಗನ್ನು ವ್ಯಾಂಕೂವರದಲ್ಲಿ ಎರಡು ತಿಂಗಳು ತಡೆದಿಟ್ಟು ಹಿಂದಕ್ಕೆ ಅಟ್ಟಿದರು. 'ಹಿಂದುಸ್ಥಾನದ ಚಕ್ರವರ್ತಿನಿ'ಗೆ ಇಪ್ಪತ್ತಮೂರು ವರುಷ ತೆರೆದಿದ್ದ ಬಂದರವು ಹಿಂದುಸ್ಥಾನದ ಪ್ರಜೆಗಳಿಗೆ ಮುಚ್ಚಿದ್ದಿತು. ಡಿಸೆಂಬರದಲ್ಲಿ ಗ್ವಾಲಿಯರದ ಮಹಾರಾಜ ಮಾಧವರಾವ ಸಿಂದೆಯವರು ಈ ನೌಕೆಯನ್ನು ಕೊಂಡು, ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯನ್ನಾಗಿ ಮಾಡಿಸಿದರು. ೧೯೧೫ರ ಜನವರಿಯಲ್ಲಿ ಅದಕ್ಕೆ 'ಲಾಯಲ್ಟಿ' ಎಂದು ನಾಮಕರಣವಾಯಿತು. ಶ್ರೀಮಂತರು ಭೋಜನ ಮಾಡಿದ ತಾವಿನಲ್ಲಿ ರೋಗಿಗಳ ಮಂಚಗಳು ಬಂದವು. ಮೊದಲೇ ಬಿಳಿಯದಾಗಿದ್ದ ಮೈಗೆ ಆಸ್ಪತ್ರೆಯ ಶಿಲುಬೆಯ ಗುರುತು ಬಂದಿತು. ಆ ಯುದ್ಧದಲ್ಲಿ ಮುಂದೆ ಬೆಳಗಾವಿಯನ್ನು ತವರುಮನೆ ಮಾಡಿಕೊಂಡ ಮರಾಠಾ ಪಲ್ಟನುಗಳು ಮೆಸೊಪೊಟೇಮಿಯಾದಲ್ಲಿ ಕಾದಾಡಿದವು; ೧೯೧೬ರ ಎಪ್ರಿಲ ೨೯ರಂದು ಕೂಟ ಎಂಬಲ್ಲಿ ಅನ್ನವಿಲ್ಲದೆ ಶರಣಾದ ಸೈನ್ಯದಲ್ಲಿ ಅವರೂ ಇದ್ದರು. ಸಮುದ್ರವನ್ನೇ ಕಾಣದ ಹಳ್ಳಿಗಳ ತರುಣರು ಹಡಗಿನ ಮೊದಲನೆಯ ಪರಿಚಯವನ್ನು ಪಡೆದುದು ಹೀಗೆ.

ಯುದ್ಧವು ಮುಗಿದ ಮೇಲೆ ಮಹಾರಾಜರು ಈ ನೌಕೆಯನ್ನು ಮಾರುವರೆಂಬ ಸುದ್ದಿಯು ವಾಲಚಂದ ಹೀರಾಚಂದರಿಗೆ ರೈಲಿನ ಪ್ರಯಾಣದಲ್ಲಿ ತಿಳಿಯಿತು. ವಾಲಚಂದರು ೧೮೮೨ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ರೇಲ್ವೆಯ ಗುತ್ತಿಗೆಗಳಿಂದ ಮುಂದೆ ಬಂದವರು. ಸೊಲ್ಲಾಪುರವೆಂದರೆ ಈ ಭಾಗದವರಿಗೆ ನೆರೆಮನೆ. ಅಲ್ಲಿಯ ಬೀದಿಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡ್ರುತ್ತವೆ. ವಾಲಚಂದರೊಡನೆ ಕೂಡಿದ ಮುಖ್ಯರು ನರೋತ್ತಮ ಮೊರಾರಜಿ, ಲಲ್ಲೂಭಾಯಿ ಸಾಮಳದಾಸ, ಕಿಲಾಚಂದ ದೇವಚಂದ. ಇವರಲ್ಲಿ ನರೋತ್ತಮರ ತಂದೆ ಮೊರಾರಜಿ ಗೋಕುಳದಾಸರೇ ಸೊಲ್ಲಾಪುರದ ಮೊದಲನೆಯ ನೂಲಿನ ಗಿರಣಿಯನ್ನು ಸ್ಥಾಪಿಸಿದವರು. ಹೀಗೆ ಭೂಮಿಯ ಮೇಲೆ ನೂಲು ತೆಗೆದವರ ಮಗನೂ ಹಳಿ ಹಾಕಿಸಿದವನೂ ಕೂಡಿ ಸಮುದ್ರಕ್ಕೆ ಇಳಿದರು. ೧೯೧೯ರ ಮಾರ್ಚ ೨೭ರಂದು ನಾಲ್ಕೂವರೆ ಕೋಟಿ ರೂಪಾಯಿಗಳ ಬಂಡವಲಿನ ಕಂಪನಿಯು ನೋಂದಣಿಯಾಯಿತು. ಹಡಗಿನ ಹಿಂದಿನ ಒಡೆಯರ ಸ್ಮರಣಾರ್ಥವಾಗಿ ಅದಕ್ಕೆ 'ಸಿಂದಿಯಾ' ಎಂಬ ಹೆಸರನ್ನಿಟ್ಟರು.

೧೯೧೯ರ ಎಪ್ರಿಲ ೫ರಂದು 'ಲಾಯಲ್ಟಿ'ಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಮರುದಿನ ಎಪ್ರಿಲ ೬. ರೌಲಟ್ ಕಾಯಿದೆಯ ವಿರುದ್ಧ ಮಹಾತ್ಮರು ಕರೆಕೊಟ್ಟ ಹರತಾಳದ ದಿನ. ಎಂಟನೆಯ ದಿನ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ. 'ರಾಜನಿಷ್ಠೆ' ಎಂಬ ಹೆಸರಿನ ಹಡಗು ದಡ ಬಿಟ್ಟ ವಾರದಲ್ಲಿಯೇ ದೇಶದ ರಾಜನಿಷ್ಠೆಯೂ ದಡ ಬಿಟ್ಟಿತೆಂದು ಹೇಳಿದರೆ ತಪ್ಪಾಗದು.

ಆದರೆ ಉತ್ಸಾಹವೊಂದರಿಂದಲೇ ಹಡಗು ನಡೆಯುವದಿಲ್ಲ. 'ಲಾಯಲ್ಟಿ'ಗೆ ಆಗ ಇಪ್ಪತ್ತೆಂಟು ವರುಷ. ಟಪಾಲಿಗೂ ಪ್ರಯಾಣಿಕರಿಗೂ ಕಟ್ಟಿದ ಆ ಮುದಿ ನೌಕೆಯಿಂದ ಸರಕಿನ ವ್ಯಾಪಾರದಲ್ಲಿ ಲಾಭವು ಹುಟ್ಟಲಿಲ್ಲ. ಪರದೇಶದ ಕಂಪನಿಗಳ ಇನ್ನೊಂದು ಯುಕ್ತಿಯು ಇದಕ್ಕಿಂತ ಕ್ರೂರವಾದುದು. ವ್ಯಾಪಾರಿಯು ಕೊಟ್ಟ ಬಾಡಿಗೆಯಲ್ಲಿ ಒಂದಂಶವನ್ನು ಅವರು ಮರಳಿ ಕೊಡುವೆವೆನ್ನುವರು. ಆದರೆ ಅದನ್ನು ಒಡನೆ ಕೊಡದೆ ತಮ್ಮಲ್ಲಿಯೇ ಇಟ್ಟುಕೊಳ್ಳುವರು. ಅಷ್ಟರಲ್ಲಿ ಅವನು ಬೇರೆ ಹಡಗಿಗೆ ಒಂದು ಮೂಟೆಯನ್ನು ಕೊಟ್ಟರೂ ಹಿಂದಿನ ಹಣವೆಲ್ಲ ಮುಳುಗುವದು. ತನ್ನದೇ ಹಣದ ಹಗ್ಗದಿಂದ ತಾನೇ ಕಟ್ಟಿಸಿಕೊಂಡ ವ್ಯಾಪಾರಿಯು ಸ್ವದೇಶೀ ಹಡಗಿಗೆ ಮನಸ್ಸಿದ್ದರೂ ಸರಕು ಕೊಡಲಾರದಾಗುವನು. ಇದರ ಮೇಲೆ ಬಾಡಿಗೆಯ ಸಮರ. ರಂಗೂನಿನಿಂದ ಮುಂಬಯಿಗೆ ಬರುವ ಅಕ್ಕಿಯ ಬಾಡಿಗೆಯು ಟನ್ನಿಗೆ ೧೮ ರೂಪಾಯಿಯಿಂದ ೬ಕ್ಕೆ ಇಳಿಯಿತು. ತೂತುಕುಡಿಯಲ್ಲಿ ೧೯೦೬ರಲ್ಲಿ ಸ್ವದೇಶೀ ಹಡಗಿನ ಕಂಪನಿಯನ್ನು ತೆರೆದ ವಿ. ಓ. ಚಿದಂಬರಂ ಪಿಳ್ಳೆಯವರೂ ಇಂಥ ಸಮರಕ್ಕೆ ಸಿಕ್ಕವರೇ. ಅವರಿಗೆ ಮೇಲೆ ಸೆರೆಮನೆಯೂ ಪ್ರಾಪ್ತವಾಗಿದ್ದಿತು. ಸಿಂದಿಯಾ ಕಂಪನಿಯು ಮಾತ್ರ ಸಾಯಲಿಲ್ಲ. ೧೯೨೩ರಲ್ಲಿ ಕರಾವಳಿಯ ವ್ಯಾಪಾರಕ್ಕಷ್ಟೇ ಸೀಮಿತವಾದ ಕಠಿಣ ಒಪ್ಪಂದಕ್ಕೆ ಕೈಹಾಕಿ, ಬಗ್ಗಿ ಬದುಕಿತು. ಆದರೆ 'ಲಾಯಲ್ಟಿ'ಯು ಬದುಕಲಿಲ್ಲ. ೧೯೨೧ರಲ್ಲಿ ಲಂಗರು ಹಾಕಿ ನಿಂತದ್ದು ಮತ್ತೆ ಏಳಲಿಲ್ಲ. ೧೯೨೩ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಅದನ್ನು ಒಡೆಯುವದಕ್ಕೆ ಮಾರಿದರು.

ವಾಲಚಂದರು ನಿಲ್ಲಲಿಲ್ಲ. ೧೯೪೦ರ ಡಿಸೆಂಬರದಲ್ಲಿ ಮೈಸೂರು ಸರಕಾರದ ಸಹಭಾಗದಿಂದ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದರು. ೧೯೪೧ರ ಜೂನ ೨೧ರಂದು ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಅಂಗಳಕ್ಕೆ ಬಾಬು ರಾಜೇಂದ್ರಪ್ರಸಾದರಿಂದ ಅಡಿಗಲ್ಲು ಬಿದ್ದಿತು. ಅಲ್ಲಿ ಕಟ್ಟಿದ ಎಂಟು ಸಾವಿರ ಟನ್ನಿನ 'ಜಲ ಉಷಾ' ನೌಕೆಯನ್ನು ೧೯೪೮ರ ಮಾರ್ಚ ೧೪ರಂದು ಪಂಡಿತ ಜವಾಹರಲಾಲರು ನೀರಿಗಿಳಿಸಿದರು. ಅದಕ್ಕೆ ಆರು ದಿನ ಮೊದಲು, ಮಾರ್ಚ ೮ರಂದು, ಜಮಖಂಡಿ ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದವು. ಚಕ್ರವರ್ತಿನಿ, ರಾಜನಿಷ್ಠೆ ಎಂಬ ಹೆಸರುಗಳ ಕಾಲವು ಮುಗಿದು, ಹಡಗುಗಳಿಗೆ ಉಷೆಯ ಹೆಸರನ್ನಿಡುವ ಕಾಲವು ಬಂದಿದ್ದಿತು.

ಈ ನೌಕೆಯ ಸ್ಮಾರಕವೆಲ್ಲಿ ಎಂದು ವಾಚಕರು ಕೇಳಬಹುದು. ಅದರ ತಂಗಿಯರಲ್ಲಿ 'ಎಂಪ್ರೆಸ್ ಆಫ್ ಚೈನಾ' ೧೯೧೧ರಲ್ಲಿ ಜಪಾನದ ತೀರದ ಬಂಡೆಗೆ ಬಡಿದು ನಷ್ಟವಾಯಿತು. 'ಎಂಪ್ರೆಸ್ ಆಫ್ ಜಪಾನ' ನೌಕೆಯನ್ನು ೧೯೨೬ರಲ್ಲಿ ಒಡೆದಾಗ ಅದರ ಮೂತಿಯ ಘಟಸರ್ಪವನ್ನು ಕಸದಂತೆ ಎಸೆದಿದ್ದರು. ವ್ಯಾಂಕೂವರದ ಒಂದು ವೃತ್ತಪತ್ರಿಕೆಯವರು ಅದನ್ನು ಹುಡುಕಿ ತೆಗೆದು, ಬಣ್ಣ ಹಚ್ಚಿಸಿ, ೧೯೨೭ರಲ್ಲಿ ಸ್ಟ್ಯಾನ್ಲಿ ಉಪವನದ ಕಡಲಂಚಿನಲ್ಲಿ ನಿಲ್ಲಿಸಿದರು. ಮಳೆಗಾಳಿಗಳಿಂದ ಮರವು ಲಡ್ಡಾಗಲು, ೧೯೬೦ರಲ್ಲಿ ಅದರ ಅಚ್ಚಿನಿಂದ ತೆಗೆದ ಪ್ರತಿಕೃತಿಯನ್ನು ಅಲ್ಲಿ ಇಟ್ಟು, ಮೂಲವನ್ನು ರಕ್ಷಿಸಿದರು. ಅದು ಈಗ ಆ ಊರಿನ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. 'ಲಾಯಲ್ಟಿ'ಯ ಮುಖ್ಯ ಸ್ಮಾರಕವಾದರೋ ವಸ್ತುರೂಪದ್ದಲ್ಲ, ದಿನರೂಪದ್ದು. ಅದು ಮುಂಬಯಿಯಿಂದ ಹೊರಟ ಎಪ್ರಿಲ ೫ನ್ನು ೧೯೬೪ರಿಂದ ರಾಷ್ಟ್ರೀಯ ನೌಕಾದಿನವೆಂದು ದೇಶದ ಬಂದರಗಳಲ್ಲಿ ಆಚರಿಸುತ್ತಾರೆ. ಒಂದು ಪತ್ರ, ಒಂದು ವಿದ್ಯಾಸಂಸ್ಥೆ, ಒಂದು ತಾರೀಖು: ನಾಲ್ಕು ಸಾಗರಗಳನ್ನು ಕಂಡ ನೌಕೆಯಿಂದ ಭಾರತೀಯರಿಗೆ ಉಳಿದುದು ಇಷ್ಟು. ಇದು ಅಲ್ಪವಲ್ಲ. ಆದರೂ ತಾರೀಖು ಕಣ್ಣಿಗೆ ಕಾಣುವದಿಲ್ಲ, ಕೈಗೆ ಸಿಕ್ಕುವದಿಲ್ಲ. ಘಟಸರ್ಪದ ಮುಂದೆ ಮಗುವನ್ನು ನಿಲ್ಲಿಸಿ ಕಥೆ ಹೇಳುವಂತೆ ತಾರೀಖಿನ ಮುಂದೆ ನಿಲ್ಲಿಸಿ ಹೇಳಲಾಗುವದಿಲ್ಲ.

ಆದುದರಿಂದ ಈ ನಾಡಿನ ಗೃಹಸ್ಥರು ಮಾಡಬಹುದಾದ ಒಂದು ಕೆಲಸವಿದೆ. ಸೈನಿಕರಾಗಿಯೋ ವಿದ್ಯಾರ್ಥಿಗಳಾಗಿಯೋ ಸಮುದ್ರವನ್ನು ದಾಟಿದ ಹಿರಿಯರು ಯಾವ ಮನೆತನದಲ್ಲಿ ಇದ್ದರೋ, ಆ ಮನೆಯ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯೋ, ಹಡಗಿನ ಚೀಟಿಯೋ, ಬಸರೆಯ ಮುದ್ರೆಯುಳ್ಳ ಕಾಗದವೋ ಇದ್ದೀತು. ದೀಪಾವಳಿಗೆ ಮನೆಯನ್ನು ಸಾರಿಸುವಾಗ ಇಂಥವು ಕಸದೊಡನೆ ಹೋಗುವದು ರೂಢಿ. ವ್ಯಾಂಕೂವರದವರು ಕಸದಿಂದ ಘಟಸರ್ಪವನ್ನು ಎತ್ತಿ ತಂದಂತೆ, ಇವನ್ನು ಎತ್ತಿಟ್ಟು, ಯಾರದು, ಎಂದಿನದು ಎಂಬ ಎರಡು ಸಾಲುಗಳನ್ನು ಬರೆದು, ಊರಿನ ವಾಚನಾಲಯಕ್ಕೆ ಒಪ್ಪಿಸಬೇಕು. ಐಹೊಳೆಯ ವರ್ತಕರು ಕಡಲಾಚೆಯಲ್ಲಿ ಕಲ್ಲನ್ನು ನೆಟ್ಟುದರಿಂದ ಒಂಬೈನೂರು ವರುಷಗಳ ಮೇಲೆಯೂ ಅವರ ಹೆಸರು ತಿಳಿದು ಬಂದಿತು. ಗುರುತನ್ನು ಉಳಿಸಿದವರ ಹೆಸರು ಉಳಿಯುವದು. ಉಳಿಸದವರ ಪಯಣವು ನೀರಿನ ಮೇಲಿನ ಗೆರೆಯಂತೆ ಹಡಗು ಹೋದ ಕೂಡಲೇ ಅಳಿಸಿ ಹೋಗುವದು.